ಲಾಮರ್ಟ್ ಒಬ್ಬನೇ ಹೋದ ದಾರಿ

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಸೂಪು ಕುಡಿಯುತ್ತಾ ಕೂತಿದ್ದೆ. ಲಾಮರ್ಟ್ ಅಟ್ಟದಿಂದ ಡೇರೆಯ ಚೀಲವನ್ನು ಇಳಿಸಿಕೊಂಡು ಬಂದು ನನ್ನ ತಟ್ಟೆಯ ಪಕ್ಕದಲ್ಲೇ ಧೊಪ್ಪನೆ ಇಟ್ಟ. ಅದರ ಮೇಲಿನ ಧೂಳೆಲ್ಲ ಸೂಪಿಗೆ ಉದುರಿತು. ನಾನು ಚೀಲ ನೋಡಿದೆ, ಅವನ ಮುಖ ನೋಡಿದೆ. ಅವನು ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತೇ ಇದ್ದ.

"ಬೇಡ," ಅಂದೆ.

"ಸರಿಹೋಗತ್ತೆ," ಅಂದ.

ಅವನಿಗೆ ಉಳಿದಿದ್ದುದು ಅದೊಂದೇ ಮಾತು. ನಮ್ಮೂರು ಡೆವೆಂಟರ್‌ನ ಸಂತೆಯಲ್ಲಿ ಮೀನು ಮಾರಿಯೇ ಬದುಕು ಸಾಗಿಸಿದವನು ನನ್ನ ಗಂಡ. ಗಾಡಿಯ ಮೇಲೆ ನಿಂತು ಅವನು ಕೂಗು ಹಾಕಿದರೆ ನದಿಯ ಆಚೆ ದಡದಲ್ಲಿ ನಾಯಿ ಬೊಗಳುತ್ತದೆ ಎಂದು ಪಕ್ಕದ ಚೀಸ್ ಅಂಗಡಿಯವನು ರೇಗಿಸುತ್ತಿದ್ದ. ಮೀನು ತಾಜಾ ಇದೆಯೇ, ಮುಳ್ಳು ತೆಗೆದಿದೆಯೇ, ಸಂಜೆ ಮಳೆ ಬರುತ್ತದೆಯೇ ಎಂದು ಗಿರಾಕಿಗಳು ಏನೇ ಕೇಳಿದರೂ ಕೊನೆಗೆ "ಸರಿಹೋಗತ್ತೆ ಬಿಡಿ" ಎಂದು ಪೊಟ್ಟಣವನ್ನು ಕೈಗಿಡುತ್ತಿದ್ದ. ಲಕ್ವ ಹೊಡೆದದ್ದು ಗಾಡಿಯ ಮೇಲೆಯೇ. ಕಾಲು ತಿರುಗಿ ಬಂತು, ಬಲಗೈ ಅರ್ಧ ಬಂತು, ಮಾತು ಬರಲಿಲ್ಲ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ತಲೆಯೊಳಗೆ ಎಲ್ಲವೂ ನೆಟ್ಟಗಿದೆ, ಆದರೆ ಹೇಳಬೇಕಾದ ಪದವನ್ನು ಹುಡುಕಲು ಹೋದರೆ ಬಾಯಿಗೆ ಸಿಗುವುದು ಅದೊಂದೇ ಎಂದು ಡಾಕ್ಟರಮ್ಮ ವಿವರಿಸಿದ್ದರು. ಬರೆಯಲು ಕೂತರೂ ಅದೇ ಪಾಡು. ಉಪ್ಪು ಬೇಕಾದರೂ ಸರಿಹೋಗತ್ತೆ, ಕಿಟಕಿ ಮುಚ್ಚು ಅನ್ನುವುದಕ್ಕೂ ಸರಿಹೋಗತ್ತೆ, ಸಿಟ್ಟು ಬಂದು ಬಟ್ಟಲನ್ನು ಗೋಡೆಗೆ ಎಸೆದ ದಿನವೂ ಸರಿಹೋಗತ್ತೆ. ಯಾವುದು ಯಾವುದಕ್ಕೆ ಎಂದು ಸ್ವರದಿಂದಲೇ ಗುರುತಿಸುವುದು ನನಗೆ ಅಭ್ಯಾಸವಾಗಿತ್ತು.

ಆ ಮಧ್ಯಾಹ್ನದ ಸ್ವರಕ್ಕೆ ಅರ್ಥ ಇಷ್ಟೇ: ನೀನು ಬಂದರೆ ಬಾ, ಬರದಿದ್ದರೆ ನಾನು ಹೋಗುತ್ತೇನೆ.

ಮದುವೆಯಾದಾಗಿನಿಂದ ನಮ್ಮ ಬೇಸಿಗೆ ರಜೆ ಎಂದರೆ ಸೈಕಲ್ಲುಗಳನ್ನು ರೈಲಿಗೆ ಹತ್ತಿಸಿಕೊಂಡು ಹೋಗುವುದೇ. ಬೇಗ ಓಡುವ ರೈಲುಗಳಿಗೆ ಸೈಕಲ್ ಕಂಡರೆ ಆಗದು. ಕೆಲವಕ್ಕೆ ತಿಂಗಳ ಮೊದಲೇ ಜಾಗ ಕಾದಿರಿಸಬೇಕು, ಕೆಲವು ಬಿಚ್ಚಿ ಚೀಲಕ್ಕೆ ತುಂಬಿ ತಂದರಷ್ಟೇ ಒಳಗೆ ಬಿಡುತ್ತವೆ. ಮೀನು ಮಾರುವವರ ಕೈಗೆ ಎಟುಕುವುದು ಊರೂರಿಗೆ ನಿಲ್ಲುವ ನಿಧಾನದ ರೈಲು. ಇಡೀ ದಿನಕ್ಕೆ ಒಂದೇ ಅಗ್ಗದ ಟಿಕೆಟ್ಟು, ಸೈಕಲ್ಲಿಗೆ ಇನ್ನೊಂದು. ಬುತ್ತಿಗೆ ಬ್ರೆಡ್ಡು ಚೀಸು, ಫ್ಲಾಸ್ಕಿನಲ್ಲಿ ಕಾಫಿ, ಮಲಗಲು ಡೇರೆ. ಹೀಗೆಯೇ ನಾವು ಲಿಯೋನ್‌ವರೆಗೂ ಹೋಗಿದ್ದೇವೆ, ಡೆನ್ಮಾರ್ಕಿನ ತುದಿಗೂ ಹೋಗಿದ್ದೇವೆ. ಲಕ್ವ ಹೊಡೆದ ಮೇಲೆ ಎಲ್ಲವೂ ನಿಂತಿತ್ತು.

ಮಗಳು ಯೆಟ್ಟಿಗೆ ಫೋನು ಮಾಡಿದೆ. ಅವಳು ಬೇಡ ಅಂದರೆ ನನಗೆ ಸುಲಭವಾಗುತ್ತದೆ ಎಂದುಕೊಂಡಿದ್ದೆ.

"ಅಮ್ಮಾ, ನಿಂಗೇನು ತಲೆ ಕೆಟ್ಟಿದೆಯಾ? ದಾರೀಲಿ ಏನಾದ್ರೂ ಆದ್ರೆ?"

"ಅದನ್ನೇ ನಿಮ್ಮಪ್ಪಂಗೆ ಹೇಳು. ಇಲ್ಲೇ ನಿಂತಿದ್ದಾನೆ."

ಫೋನನ್ನು ಅವನ ಕಿವಿಗೆ ಹಿಡಿದೆ. ಅವಳು ಅರ್ಧ ಗಂಟೆ ಬೈದಳು. ಅವನು ಸಮಾಧಾನವಾಗಿ ಕೇಳಿಸಿಕೊಂಡು ಕೊನೆಗೆ ಸರಿಹೋಗತ್ತೆ ಎಂದು ಫೋನು ನನ್ನ ಕೈಗೆ ಕೊಟ್ಟು ಸೈಕಲ್ ತೊಳೆಯಲು ಹೋದ. ಯೆಟ್ಟಿ ಸೋತಳು. ಮಾರನೇ ವಾರ ಒಂದು ಚೀಟಿ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ, ದಾರ ಕಟ್ಟಿ ಕಳಿಸಿದಳು. ನನಗೆ ಲಕ್ವ ಆಗಿದೆ, ಮಾತು ಬರುವುದಿಲ್ಲ, ಈ ನಂಬರಿಗೆ ಫೋನು ಮಾಡಿ ಎಂದು ಮೂರು ಭಾಷೆಯಲ್ಲಿ ಬರೆದಿತ್ತು. ಲಾಮರ್ಟ್ ಅದನ್ನು ಕುತ್ತಿಗೆಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಆಮೇಲೆ ತೆಗೆದು ನನ್ನ ಕೈಚೀಲಕ್ಕೆ ತುರುಕಿದ. ನಾನು ಮತ್ತೆ ಹಾಕಿದೆ, ಅವನು ಮತ್ತೆ ತೆಗೆದ. ಅದು ನನ್ನ ಚೀಲದಲ್ಲೇ ಉಳಿಯಿತು.

ಸೈಕಲ್ಲಿನ ವಿಷಯದಲ್ಲಿ ನನಗೆ ಭಯವಿರಲಿಲ್ಲ. ನಮ್ಮ ಕಡೆಯ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ಬಲಗೈಗೆ ಹೆಚ್ಚು ಕೆಲಸವಿಲ್ಲ. ನಡೆಯುವಾಗ ಸ್ವಲ್ಪ ಎಳೆಯುವ ಅವನ ಕಾಲು ಸೈಕಲ್ಲಿನ ಮೇಲೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಭಯವಿದ್ದದ್ದು ರೈಲಿನದು. ಮೊದಲೆಲ್ಲ ಎರಡೂ ಸೈಕಲ್ಲನ್ನು ಎತ್ತಿ ಒಳಗಿಡುತ್ತಿದ್ದವನು ಅವನು. ಚೀಲಗಳನ್ನು ಹಿಡಿದು ಹಿಂದೆ ಹತ್ತುತ್ತಿದ್ದವಳು ನಾನು. ಈಗ ಎತ್ತುವುದು, ಇಳಿಸುವುದು, ಟಿಕೆಟ್ಟು, ದಾರಿ, ಮಾತು, ಎಲ್ಲ ನನ್ನದೇ.

ಜೂನ್ ಮೊದಲ ವಾರ ಹೊರಟೆವು. ಹೋಗಬೇಕಾದ ಜಾಗ ಹಳೆಯದೇ. ಜರ್ಮನಿಯ ಉತ್ತರದ ತುದಿಯಲ್ಲಿ, ಡೆನ್ಮಾರ್ಕಿನ ಗಡಿಗೆ ಹತ್ತಿರ, ಸೂಡರ್‌ಮೂರ್ ಎಂಬ ಹಳ್ಳಿ. ಅಲ್ಲಿ ಸಮುದ್ರದ ಹಿನ್ನೀರಿನ ದಡದಲ್ಲಿ ಗೇಶೆ ಎಂಬ ಹೆಂಗಸು ತನ್ನ ಹುಲ್ಲುಗಾವಲಿನಲ್ಲಿ ಡೇರೆ ಹಾಕಲು ಬಿಡುತ್ತಾಳೆ. ನಾವು ಹಿಂದೆಯೂ ಎಷ್ಟೋ ಬೇಸಿಗೆ ಅಲ್ಲಿ ಇಳಿದಿದ್ದೆವು.

ಗಡಿ ದಾಟಿ ಜರ್ಮನಿಗೆ ಬಂದ ಮೇಲೆ ಹತ್ತಿದ ರೈಲಿನಲ್ಲಿ ಸೈಕಲ್ ನಿಲ್ಲಿಸುವ ಜಾಗದಲ್ಲಿ ಮಡಚುವ ಸೀಟುಗಳ ಮೇಲೆ ಜನ ಕೂತಿದ್ದರು. ಒಬ್ಬ ದೊಡ್ಡ ಆಳು ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನ ಪಕ್ಕದ ಸೀಟಿನಲ್ಲಿ ಚೀಲವನ್ನು ಕೂರಿಸಿದ್ದ.

"ಸ್ವಲ್ಪ ಏಳಪ್ಪ, ಇದು ಸೈಕಲ್ ಜಾಗ," ಅಂದೆ.

"ನಂಗೂ ಟಿಕೆಟ್ ಇದೆ."

"ನಿಂಗಿದೆ ಸರಿ, ನಿನ್ನ ಚೀಲಕ್ಕಿದೆಯಾ?"

ಅಕ್ಕಪಕ್ಕದವರು ನಕ್ಕರು. ಅವನೂ ಕೊನೆಗೆ ನಕ್ಕು ಎದ್ದು, ಲಾಮರ್ಟ್‌ನ ಸೈಕಲ್ಲನ್ನು ಪಟ್ಟಿಗೆ ಕಟ್ಟಲು ತಾನೇ ಕೈ ಹಾಕಿದ. ಲಾಮರ್ಟ್ ತಾನು ಕಟ್ಟಿಕೊಳ್ಳುತ್ತೇನೆ ಎಂದು ಕೈಸನ್ನೆ ಮಾಡುತ್ತಿದ್ದುದನ್ನು ನಾನು ನೋಡಿದೆ. "ಬಿಡು, ಅವರು ಕಟ್ತಾರೆ, ನೀನು ಕೂತ್ಕೋ," ಅಂದೆ.

ಟಿಕೆಟ್ ನೋಡುವ ಹೆಂಗಸು ಬಂದಳು. "ಎಲ್ಲೀತನಕ ಪ್ರಯಾಣ?" ಎಂದು ಲಾಮರ್ಟ್‌ನನ್ನು ಕೇಳಿದಳು.

"ಇವತ್ತು ಬ್ರೇಮೆನ್, ನಾಳೆ ಸೂಡರ್‌ಮೂರ್," ಅಂದೆ ನಾನು.

"ನಾನು ಅವರನ್ನ ಕೇಳಿದ್ದು."

"ಅವರಿಗೆ ಮಾತು ಬರಲ್ಲ."

ಆಕೆಯ ಮುಖ ಕರಗಿಹೋಯಿತು. ಬಗ್ಗಿ, ಲಾಮರ್ಟ್‌ಗೆ ಕಿವಿಯೂ ಕೇಳಿಸದು ಎಂಬಂತೆ ದೊಡ್ಡ ದನಿಯಲ್ಲಿ, "ಆರಾಮಾಗಿ ಹೋಗ್ಬನ್ನಿ ಅಜ್ಜಾ," ಅಂದಳು. ಲಾಮರ್ಟ್ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಬ್ರೇಮೆನ್ ಬರುವವರೆಗೂ ತಿರುಗಿಸಿಕೊಂಡೇ ಇದ್ದ.

ಇಳಿದ ಮೇಲೆ ಊರಾಚೆಯ ಕ್ಯಾಂಪಿನವರೆಗೆ ಸೈಕಲ್ ತುಳಿದೆವು. ಅವನು ಮುಂದೆ, ನಾನು ಹಿಂದೆ. "ಬಲಕ್ಕೆ ಇರು ಲಾಮರ್ಟ್, ಕಾರು ಬರ್ತಿದೆ. ನಿಧಾನ, ಮುಂದೆ ಟ್ರಾಮ್ ಹಳಿ ಇದೆ. ಸಿಗ್ನಲ್ ನೋಡಿದ್ಯಾ?" ಎಂದು ಹೇಳುತ್ತಲೇ ಇದ್ದೆ. ಒಂದು ತಿರುವಿನಲ್ಲಿ ಅವನು ಕಾಲೂರಿ ನಿಂತು ತಿರುಗಿ ನೋಡಿದ. ಮತ್ತೆ ಮುಂದೆ ಹೋದ.

ಎರಡನೇ ದಿನ ಹ್ಯಾಂಬರ್ಗಿನಲ್ಲಿ ರೈಲು ಬದಲಿಸಿ, ಎಲ್ಲರ್‌ಹೋರ್ನ್ ಎಂಬಲ್ಲಿ ಮತ್ತೊಮ್ಮೆ ಬದಲಿಸಬೇಕಿತ್ತು. ನಮ್ಮ ರೈಲು ತಡವಾಗಿ ಬಂತು. ಸೂಡರ್‌ಮೂರಿಗೆ ಹೋಗುವ ಎರಡು ಡಬ್ಬಿಯ ಪುಟ್ಟ ರೈಲು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ಸಿದ್ಧವಾಗಿ ನಿಂತಿತ್ತು. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂದು ಕಾಗದ ಅಂಟಿಸಿದ್ದರು. ಉಳಿದದ್ದು ಮೆಟ್ಟಿಲು: ಇಳಿದು, ನೆಲದಡಿಯ ದಾರಿಯಲ್ಲಿ ದಾಟಿ, ಮತ್ತೆ ಹತ್ತಬೇಕು.

ಎರಡು ಸೈಕಲ್ಲನ್ನೂ ಹೇಗೋ ಕೆಳಗಿಳಿಸಿದೆ. ಡೇರೆ ಇದ್ದದ್ದು ಲಾಮರ್ಟ್‌ನ ಸೈಕಲ್ಲಿನ ಮೇಲೆ, ಅದೇ ಭಾರದ್ದು. ನನ್ನದನ್ನು ಕೆಳಗಿನ ಗೋಡೆಗೆ ಒರಗಿಸಿ, ಅವನದನ್ನು ಮೆಟ್ಟಿಲ ಬದಿಯಲ್ಲಿ ಸೈಕಲ್ ಚಕ್ರಕ್ಕೆಂದೇ ಮಾಡಿದ ಕಾಲುವೆಯಲ್ಲಿ ತಳ್ಳಿಕೊಂಡು ಹತ್ತಿದೆ. ಅವನು ಕಂಬಿ ಹಿಡಿದು ಹಿಂದೆ ಬಂದ. ಸೈಕಲ್ಲನ್ನೂ ಅವನನ್ನೂ ಒಳಗೆ ನಿಲ್ಲಿಸಿ, "ಇಲ್ಲೇ ಇರು, ಅಲ್ಲಾಡ್ಬೇಡ, ನನ್ನ ಸೈಕಲ್ ತರ್ತೀನಿ," ಎಂದು ಓಡಿದೆ.

ನಾನು ಸೈಕಲ್ಲಿನ ಜೊತೆ ಕೊನೆಯ ಮೆಟ್ಟಿಲು ಹತ್ತುವಾಗ ಬಾಗಿಲಿನ ಪೀಂಪೀಂ ಕೇಳಿಸಿತು. ಸೈಕಲ್ಲನ್ನು ಕೈಬಿಟ್ಟು ಓಡಿ ಗುಂಡಿ ಒತ್ತಿದೆ. ಅದರ ದೀಪ ಆರಿಹೋಗಿತ್ತು. ಗಾಜಿನಾಚೆ ಲಾಮರ್ಟ್. ನಾನು ಗಾಜನ್ನು ಬಡಿದೆ. ಅವನ ಬಾಯಿ ಅಲ್ಲಾಡಿತು, ಏನು ಹೇಳಿದ ಎಂದು ಊಹಿಸಬೇಕಾಗಿರಲಿಲ್ಲ. ರೈಲು ಚಲಿಸಿತು. ಅವನು ಎಡಗೈ ಎತ್ತಿದ್ದ. ಟಾಟಾ ಮಾಡಿದನೋ, ನಿಲ್ಲಿಸು ಅಂದನೋ, ನನಗೆ ತಿಳಿಯಲಿಲ್ಲ.

ಅವನ ಟಿಕೆಟ್ಟು ನನ್ನ ಬಳಿ. ದುಡ್ಡು ನನ್ನ ಬಳಿ. ಫೋನು, ಮಾತ್ರೆ, ದಾರ ಕಟ್ಟಿದ ಆ ಚೀಟಿ, ಎಲ್ಲ ನನ್ನ ಕೈಚೀಲದಲ್ಲಿ. ಬೇರೆ ದೇಶದಲ್ಲಿ, ಹೆಸರು ಕೇಳಿದರೆ ಹೇಳಲಾಗದ ಮನುಷ್ಯ.

ಆ ನಿಲ್ದಾಣದಲ್ಲಿ ರೈಲ್ವೆಯವರು ಯಾರೂ ಇರಲಿಲ್ಲ. ಒಂದು ಕಂಬದಲ್ಲಿ ಗುಂಡಿ ಇತ್ತು, ಒತ್ತಿದರೆ ಎಲ್ಲಿಂದಲೋ ಒಬ್ಬ ಮಾತಾಡುತ್ತಿದ್ದ. ನನ್ನ ಜರ್ಮನ್ ಗಾಬರಿಯಲ್ಲಿ ಕಲಸಿಹೋಯಿತು. ಪಕ್ಕದಲ್ಲಿ ಕಾಫಿ, ಬನ್ನು ಮಾರುವ ಗೂಡಂಗಡಿ. ಅಲ್ಲಿಂದ ಏಪ್ರನ್ ಕಟ್ಟಿದ ದಪ್ಪ ಹೆಂಗಸೊಬ್ಬಳು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಕಂಬಕ್ಕೆ ಬಾಯಿಟ್ಟು ತಾನೇ ಮಾತಾಡಿದಳು. ಅವಳ ಹೆಸರು ಹೈಡ್ರುನ್. ಆಮೇಲೆ ನನ್ನ ಕಡೆ ತಿರುಗಿ ಅವರ ಹಳ್ಳಿಯ ಮಾತಿನಲ್ಲಿ ಕೇಳಿದಳು. ಆ ಮಾತು ನಮ್ಮ ಕಡೆಯ ಹಳ್ಳಿಮಾತಿಗೆ ತೀರ ಹತ್ತಿರ. ನನಗೆ ಒಮ್ಮೆಲೆ ಅಳು ಬಂತು.

"ರೈಲಿನವರಿಗೆ ತಿಳಿಸ್ತಾರಂತೆ. ಕೂತ್ಕೊಳ್ಳಿ. ಗಂಡ ಹೇಗಿದ್ದಾರೆ ನೋಡೋಕೆ?"

"ಎತ್ತರ. ನೀಲಿ ಜಾಕೆಟ್ಟು. ಹಸಿರು ಸೈಕಲ್ಲು. ಮಾತು ಬರಲ್ಲ."

"ಗಂಡ ರೈಲು ಹತ್ತಿ ಹೋದ ಅಂತ ಇಷ್ಟು ಅಳೋರನ್ನ ನಾನು ಈಗ್ಲೇ ನೋಡಿದ್ದು. ನನ್ನೋನು ಹೋದಾಗ ನಾನು ಅಂಗಡಿಗೆ ಹೊಸ ಪರದೆ ಹಾಕ್ಸಿದೆ. ಕುಡೀರಿ ಕಾಫಿ."

ಕುಡಿದೆ. ಸಕ್ಕರೆ ಹಾಕುವುದಿಲ್ಲ ಎಂದು ಹೇಳಲೂ ಮರೆತು ಕುಡಿದೆ.

ಸ್ವಲ್ಪ ಹೊತ್ತಿಗೆ ಕಂಬದಿಂದ ಉತ್ತರ ಬಂತು. ಆ ರೈಲಿನಲ್ಲಿ ಟಿಕೆಟ್ ನೋಡುವ ಹುಡುಗಿ ಎರಡೂ ಡಬ್ಬಿ ನೋಡಿದಳಂತೆ. ಸೈಕಲ್ಲೂ ಇಲ್ಲ, ಮನುಷ್ಯನೂ ಇಲ್ಲ. ಎತ್ತರದ ಮನುಷ್ಯನೊಬ್ಬ ಮೊದಲನೇ ನಿಲ್ದಾಣದಲ್ಲೇ ಇಳಿದ ಎಂದು ಯಾರೋ ಹೇಳಿದರಂತೆ.

"ನೋಡಿ, ಬುದ್ಧಿವಂತ," ಅಂದಳು ಹೈಡ್ರುನ್. "ಅಲ್ಲೇ ಬೆಂಚಿನ ಮೇಲೆ ಕೂತಿರ್ತಾರೆ. ಮುಂದಿನ ರೈಲಿಗೆ ಹೋಗಿ ಕರ್ಕೊಳ್ಳಿ."

ನನಗೂ ಹಾಗೇ ಅನಿಸಿತು. ಬೇರೆ ಬೇರೆಯಾದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯುವುದು ನಮ್ಮ ಹಳೆಯ ಕ್ರಮ. ಎದೆ ಸ್ವಲ್ಪ ಹಗುರವಾಯಿತು. ಮುಂದಿನ ರೈಲು ಬರಲು ಒಂದು ಗಂಟೆ. ಹೈಡ್ರುನ್ ಅಂಗಡಿಗೆ ಬೀಗ ಹಾಕಿ ಬಂದು ನನ್ನ ಸೈಕಲ್ಲನ್ನು ತಾನೇ ಎತ್ತಿ ಒಳಗಿಟ್ಟಳು. ಕಾಫಿಯ ದುಡ್ಡು ಕೊಡಲು ಹೋದರೆ, "ಸಿಕ್ಕಿದ ಮೇಲೆ ವಾಪಸ್ ಬರುವಾಗ ಇಬ್ರೂ ಕುಡಿದು ಕೊಡಿ," ಎಂದು ಬಾಗಿಲಿನಿಂದ ಹಿಂದೆ ಸರಿದಳು.

ಮೊದಲನೇ ನಿಲ್ದಾಣವೆಂದರೆ ಹೊಲಗಳ ನಡುವೆ ಒಂದು ಕಟ್ಟೆ, ಒಂದು ಬೆಂಚು, ಗಾಜಿನ ಮರೆ. ರೈಲು ನಿಲ್ಲುವ ಮೊದಲೇ ನಾನು ನೋಡಿಬಿಟ್ಟೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಸೈಕಲ್ ಇಳಿಸಿಕೊಂಡೆ. ರೈಲು ಹೋಯಿತು. ಎಲ್ಲ ಕಡೆಯೂ ಗೋಧಿ, ಅದರ ಮೇಲೆ ಗಾಳಿ. "ಲಾಮರ್ಟ್," ಎಂದು ಕೂಗಿದೆ. ಅವನು ಕೇಳಿಸಿಕೊಂಡರೂ ಎಲ್ಲಿದ್ದೇನೆ ಎಂದು ಹೇಗೆ ಕೂಗಿ ಹೇಳಿಯಾನು ಎಂದು ಆಮೇಲೆ ಹೊಳೆಯಿತು. ಗಾಜಿನ ಮರೆಯ ಹಿಂದೆ ನೋಡಿದೆ, ಹಳಿಯ ಪಕ್ಕದ ಚರಂಡಿಯನ್ನೂ ನೋಡಿದೆ. ಚರಂಡಿಯೊಳಗೆ ನೋಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಈಗಲೂ ಬಾಯಿಬಿಟ್ಟು ಹೇಳಲಾರೆ.

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಬರುತ್ತಿತ್ತು. ನಡು ರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದೆ. ಓಡಿಸುತ್ತಿದ್ದವನು ಎಂಜಿನ್ ಆರಿಸಿ ಟೋಪಿ ಹಿಂದಕ್ಕೆ ಸರಿಸಿದ.

"ಹಸಿರು ಸೈಕಲ್ಲಲ್ಲಿ ಒಬ್ಬ ಎತ್ತರದ ಮನುಷ್ಯನ್ನ ನೋಡಿದ್ರಾ?"

"ನೋಡ್ದೆನಲ್ಲ. ಆಗ್ಲೇ ಹೋದ, ಸಮುದ್ರದ ಕಡೆಗೆ. ಡೇರೆ ಕಟ್ಕೊಂಡಿದ್ದ. ಹಾಡ್ಕೊಂಡು ಹೋಗ್ತಿದ್ದ."

"ಹಾಡ್ತಿದ್ನಾ? ಹಾಗಿದ್ರೆ ಅವನಲ್ಲ. ನನ್ನ ಗಂಡಂಗೆ ಮಾತು ಬರಲ್ಲ."

"ಮಾತಿನ ವಿಷಯ ನಂಗೊತ್ತಿಲ್ಲ ತಾಯಿ. ಹಾಡು ಮಾತ್ರ ಜೋರಾಗೇ ಬರ್ತಿತ್ತು. ರಾಗ ಅಷ್ಟಕ್ಕಷ್ಟೆ."

ಹಸಿರು ಸೈಕಲ್ಲು, ಡೇರೆ, ಎತ್ತರದವನು. ಅಂಥವರು ಆ ಹೊಲದ ದಾರಿಯಲ್ಲಿ ಎಷ್ಟು ಜನ ಇರಲು ಸಾಧ್ಯ? ಆದರೂ ಹಾಡುತ್ತಿದ್ದ ಎಂಬುದು ನನಗೆ ಹೊಂದಲೇ ಇಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಹಾಡಿಸಿ ನೋಡಿ ಎಂದು ಹೇಳಿದ್ದಳು ನಿಜ. ಮಾತು ಕಳಕೊಂಡವರಿಗೂ ಕೆಲವೊಮ್ಮೆ ಹಾಡಿನ ಜೊತೆ ಪದ ಬರುತ್ತದಂತೆ. ಎಷ್ಟೋ ಸಂಜೆ ನಾನು ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ಮೊದಲ ಸಾಲು ನಾನೇ ಹಾಡಿ, ಅವನ ಬಾಯಿಯನ್ನೇ ನೋಡುತ್ತಾ ಕಾದಿದ್ದೆ. ಅವನು ತುಟಿ ಬಿಚ್ಚಿರಲಿಲ್ಲ.

ಸೂಡರ್‌ಮೂರಿಗೆ ಅಲ್ಲಿಂದ ರಸ್ತೆ ಇದೆ ಎಂದು ಕಂಬದ ಮೇಲಿನ ಫಲಕ ಹೇಳುತ್ತಿತ್ತು. ಹತ್ತಿರವೇನಲ್ಲ, ಗಾಳಿ ಬೇರೆ ಎದುರಿಗೆ. ತುಳಿದೆ. ಪ್ರತಿ ತಿರುವಿನಲ್ಲೂ ರಸ್ತೆ ಬದಿಯಲ್ಲಿ ಹಸಿರು ಸೈಕಲ್ ಬಿದ್ದಿರುತ್ತದೆ ಎಂದುಕೊಂಡೇ ತಿರುಗುತ್ತಿದ್ದೆ. ಪ್ರತಿ ಸಲವೂ ಬರೀ ರಸ್ತೆ, ಆಚೆ ಹಸುಗಳು. ಯೆಟ್ಟಿಯ ಹೆಸರು ಫೋನಿನಲ್ಲಿ ಎರಡು ಸಲ ಬಂತು. ತೆಗೆಯಲಿಲ್ಲ. ಏನೆಂದು ಹೇಳಲಿ?

ನೀರು ತಡೆಯುವ ಮಣ್ಣಿನ ಏರಿಯನ್ನು ದಾಟಿದ ಮೇಲೆ ಹಿನ್ನೀರು ಕಂಡಿತು. ಅದರ ದಡದಲ್ಲಿ ಗೇಶೆಯ ಕೆಂಪು ಇಟ್ಟಿಗೆಯ ಮನೆ, ಹಿಂದೆ ಹುಲ್ಲುಗಾವಲು. ಹುಲ್ಲುಗಾವಲಿನ ನಡುವೆ ಒಂದು ಡೇರೆ. ಒಂದು ಕಡೆ ಕುಸಿದು, ಇನ್ನೊಂದು ಕಡೆ ಉಬ್ಬಿ, ಕುಡಿದವನ ಟೋಪಿಯಂತೆ ವಾಲಿಕೊಂಡಿತ್ತು. ನಮ್ಮದೇ.

ನಾನು ಸೈಕಲ್ಲಿನಿಂದ ಇಳಿದೆ. ಗೇಟಿನ ಹತ್ತಿರ ಹುಲ್ಲಿನ ಮೇಲೆ ಕೂತುಬಿಟ್ಟೆ. ಮನೆಯ ಹಿಂದಿನಿಂದ ನಗು ಕೇಳಿಸುತ್ತಿತ್ತು. ಹೆಂಗಸಿನದೊಂದು, ಗಂಡಸಿನದೊಂದು. ಆ ಗಂಡಸಿನ ನಗುವನ್ನು ಕಣ್ಣು ಮುಚ್ಚಿಕೊಂಡು ಕೇಳಿದೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ.

ಹಿತ್ತಲಿನ ಬೆಂಚಿನ ಮೇಲೆ ಲಾಮರ್ಟ್ ಮತ್ತು ಗೇಶೆ ಕೂತಿದ್ದರು. ನಡುವೆ ಒಂದು ಬೋಗುಣಿ ಬೇಯಿಸಿದ ಆಲೂಗಡ್ಡೆ, ಮೊಸರಿನಲ್ಲಿ ಕಲಸಿದ ಸೊಪ್ಪು. ಅವನ ಮುಖ ಬಿಸಿಲಿಗೆ ಕೆಂಪಾಗಿತ್ತು, ಮೊಣಕೈ ತರಚಿತ್ತು. ನನ್ನನ್ನು ಕಂಡು ಎದ್ದು ನಿಂತ.

"ಯಾಕೋ ಕಾಯಲಿಲ್ಲ? ಕತ್ತೆ. ಅಲ್ಲಿ ಬೆಂಚಿತ್ತಲ್ಲ, ಕೂತ್ಕೊಂಡು ಕಾಯೋಕೆ ಏನಾಗಿತ್ತು ನಿಂಗೆ? ನಾನು ಚರಂಡೀಲೆಲ್ಲ ಹುಡುಕಿದೀನಿ, ಗೊತ್ತಾ?" ಇನ್ನೂ ಏನೇನೋ ಅಂದೆ. ಅವನು ಬಂದು ಎಡಗೈಯಲ್ಲಿ ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದ. ನಾನು ಅವನ ಜಾಕೆಟ್ಟಿನೊಳಕ್ಕೇ ಬೈಯುವುದನ್ನು ಮುಂದುವರಿಸಿದೆ. ಬೆವರು ವಾಸನೆ, ಆಲೂಗಡ್ಡೆ ವಾಸನೆ. ಬೈಗುಳ ಮುಗಿಯುವವರೆಗೂ ಬಿಡಲಿಲ್ಲ ಅವನು.

"ಕೂತ್ಕೊಳ್ಳೇ ಅಲೀದಾ, ಆಲೂಗಡ್ಡೆ ಆರತ್ತೆ," ಅಂದಳು ಗೇಶೆ. "ಇವನು ಬಂದು ಗೇಟಲ್ಲಿ ನಿಂತ. ನೀನೆಲ್ಲಿ ಅಂತ ಕೇಳ್ದೆ. ಎರಡು ಬೆರಳು ತೋರ್ಸಿ, ಒಂದನ್ನ ಮಡಚಿ, ರಸ್ತೆ ಕಡೆ ಕೈ ಮಾಡ್ದ. ಆಮೇಲೆ ಸರಿಹೋಗತ್ತೆ ಅಂದ. ನಾನು ಊರಿನ ಸುದ್ದಿಯೆಲ್ಲ ಹೇಳ್ದೆ, ಎಲ್ಲದಕ್ಕೂ ಸರಿಹೋಗತ್ತೆ ಅಂತಾನೆ. ಪರವಾಗಿಲ್ಲ, ವಯಸ್ಸಾದ ಮೇಲೆ ಈ ಮೀನಿನವನು ಮಾತು ಕಮ್ಮಿ ಮಾಡಿದ್ದಾನೆ, ಒಳ್ಳೇದಾಯ್ತು ಅಂದ್ಕೊಂಡೆ. ಅರ್ಧ ಗಂಟೆ ಆದ್ಮೇಲೆ ತಾನೇ ತಲೆ ಮುಟ್ಕೊಂಡು, ಕೈ ಜೋಲು ಬಿಟ್ಟು ತೋರ್ಸಿದ. ಆಗ ಗೊತ್ತಾಯ್ತು ನಂಗೆ."

"ಅರ್ಧ ಗಂಟೆ?"

"ನಾನು ಮಾತಾಡ್ತಿದ್ರೆ ಎದುರಿನವರು ಮಾತಾಡ್ಬೇಕು ಅಂತೇನಿಲ್ಲ, ನಿಂಗೊತ್ತಲ್ಲ."

ಲಾಮರ್ಟ್ ಮತ್ತೆ ನಗುತ್ತಿದ್ದ. ನಾನು ಆಲೂಗಡ್ಡೆಗೆ ಕೈ ಹಾಕಿದೆ. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ತಿನ್ನುತ್ತಾ ಕೂತವಳ ಎದುರು ಅವನು ನಡೆದದ್ದನ್ನೆಲ್ಲ ಅಭಿನಯಿಸಿದ. ಮುಚ್ಚಿದ ಬಾಗಿಲು. ಗಾಜಿನಾಚೆ ಬಾಯಿ ಬಡಿದುಕೊಳ್ಳುತ್ತಿರುವ ನಾನು; ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾಡಿ ತೋರಿಸಿದ. ಮೊದಲನೇ ನಿಲ್ದಾಣದಲ್ಲಿ ಇಳಿದದ್ದು. ಇಳಿಸುವಾಗ ಸೈಕಲ್ಲು ಅವನ ಮೇಲೇ ಬಿದ್ದದ್ದು, ಮೊಣಕೈ ತರಚಿದ್ದು. ಬೆಂಚಿನ ಮೇಲೆ ಕೂತದ್ದು. ಹಾಗಾದರೆ ಕಾದಿದ್ದ, ಸ್ವಲ್ಪ ಹೊತ್ತು. ಆಮೇಲೆ ತಲೆಯೆತ್ತಿ ಫಲಕವನ್ನು ನೋಡಿದ್ದು. ರಸ್ತೆಯನ್ನು ನೋಡಿದ್ದು.

ಅಲ್ಲಿ ಅಭಿನಯ ನಿಂತಿತು. ಅವನು ನನ್ನ ಮುಖ ನೋಡಿದ. ಎರಡು ಕೈಯನ್ನೂ, ಬಲಗೈ ಬಂದಷ್ಟು, ಅಗಲಿಸಿ ಹಿಡಿದು ಕಣ್ಣು ಮುಚ್ಚಿದ. ಗಾಳಿ. ಆಮೇಲೆ ತನ್ನ ಹಿಂದಕ್ಕೆ ಬೆರಳು ತೋರಿಸಿ, ಕೈಯನ್ನು ಕೊಕ್ಕಿನಂತೆ ಮಾಡಿ ಪಟಪಟ ಬಡಿದು, ಇಲ್ಲ ಎಂದು ತಲೆಯಾಡಿಸಿದ. ಹಿಂದಿನಿಂದ ಬಡಬಡಿಸುವವರು ಯಾರೂ ಇರಲಿಲ್ಲ.

ಗೇಶೆ ಪಕಪಕನೆ ನಕ್ಕಳು. ನನಗೆ ನಗುವುದೋ ಇನ್ನೊಮ್ಮೆ ಬೈಯುವುದೋ ತಿಳಿಯಲಿಲ್ಲ. ಬಾಯಲ್ಲಿ ಆಲೂಗಡ್ಡೆ ಇದ್ದದ್ದರಿಂದ ಎರಡೂ ಆಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಅವನು ಬಚ್ಚಲಿಗೆ ಹೋದರೂ ನಾನು ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಅವನನ್ನು ಕಾಯುವ ಆ ಕೆಲಸದಲ್ಲಿ ನನಗೂ ಎಷ್ಟು ಸುಸ್ತಾಗಿತ್ತು ಎಂಬುದು ಆ ಬೆಂಚಿನ ಮೇಲೆ, ಬೆನ್ನನ್ನು ಬೆಚ್ಚಗಿನ ಇಟ್ಟಿಗೆ ಗೋಡೆಗೆ ಆನಿಸಿದಾಗ ಗೊತ್ತಾಯಿತು. ಭುಜಗಳು ತಾವಾಗಿಯೇ ಕೆಳಗಿಳಿದವು.

"ಹಾಡ್ತಾ ಹೋದೆಯಂತಲ್ಲ," ಅಂದೆ. "ಟ್ರ್ಯಾಕ್ಟರಿನವನು ಹೇಳ್ದ. ರಾಗ ಅಷ್ಟಕ್ಕಷ್ಟೆ ಅಂದ."

ಲಾಮರ್ಟ್ ಹುಬ್ಬು ಗಂಟಿಕ್ಕಿದ. ಅವಮಾನವಾಯಿತು ಅವನಿಗೆ. ಫೋನು ಮತ್ತೆ ಹೊಡೆದುಕೊಂಡಿತು, ಯೆಟ್ಟಿ. ಈ ಸಲ ತೆಗೆದೆ.

"ಎಲ್ಲಿ ಹೋಗಿದ್ದೆ ಅಮ್ಮಾ? ಎಷ್ಟು ಸಲ ಮಾಡೋದು? ಅಪ್ಪ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ. ನನ್ನನ್ನ ಬಿಟ್ಟು ಓಡಿ ಹೋಗಿದ್ದ, ಈಗ ಸಿಕ್ಕಿದ್ದಾನೆ."

"ಏನು?"

ನಾನು ಹೇಳತೊಡಗುವ ಮೊದಲೇ ಲಾಮರ್ಟ್ ಫೋನು ಕಿತ್ತುಕೊಂಡ. ಎದ್ದು, ನಮ್ಮಿಬ್ಬರಿಗೂ ಬೆನ್ನು ತಿರುಗಿಸಿ, ಬೇಲಿಯ ಹತ್ತಿರ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತ. ಆಮೇಲೆ ಒರಟು ದನಿಯಲ್ಲಿ ಶುರುವಾಯಿತು. ಯೆಟ್ಟಿ ಚಿಕ್ಕವಳಿದ್ದಾಗ ಅವಳನ್ನು ಸೈಕಲ್ಲಿನ ಮುಂದಿನ ಪುಟ್ಟ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗುವಾಗ ಅವನೇ ಕಟ್ಟಿ ಹಾಡುತ್ತಿದ್ದ ಅಸಂಬದ್ಧ ಹಾಡು. ದೋಣಿ, ಬೆಕ್ಕು, ತೂತು ಬಿದ್ದ ಬೂಟು. ಪದಗಳು ಬಂದವು. ಕೆಲವು ಮುರಿದುಕೊಂಡು ಬಂದವು, ಒಂದು ಸಾಲು ಪೂರ್ತಿ ಹಾರಿಹೋಗಿ ಬರೀ ರಾಗ ಉಳಿಯಿತು. ಆದರೆ ಬೆಕ್ಕು ಎಂಬುದು ಬೆಕ್ಕು ಎಂದೇ ಬಂತು, ಬೂಟು ಬೂಟು ಎಂದೇ ಬಂತು.

ಗೇಶೆ ಬೋಗುಣಿಯನ್ನು ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದಳು. ನಾನು ಎದ್ದು ಅವನ ಹತ್ತಿರ ಹೋಗಬೇಕೆಂದುಕೊಂಡೆ. ಹೋದರೆ ನಿಂತುಬಿಡುತ್ತದೆ ಎಂದು ಹೆದರಿ ಕೂತಲ್ಲೇ ಕೂತೆ. ಫೋನಿನ ಒಳಗಿಂದ ಯೆಟ್ಟಿಯ ದನಿ ಕೇಳಿಸುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಅವನು ಬಂದು ಫೋನನ್ನು ನನ್ನ ತೊಡೆಯ ಮೇಲಿಟ್ಟ.

"ಅಮ್ಮಾ," ಅಂದಳು ಯೆಟ್ಟಿ. ಮೂಗು ಸೀಟಿಕೊಂಡಳು. "ಎರಡನೇ ಸಾಲು ಮರೆತಿದ್ದಾನೆ."

"ನಿಂಗೆ ನೆನಪಿದ್ರೆ ಮುಂದಿನ ಸಲ ಹೇಳ್ಕೊಡು."

ಅಂದು ಬೆಳಕಿರುವಾಗಲೇ ಡೇರೆಯನ್ನು ಬಿಚ್ಚಿ ಸರಿಯಾಗಿ ಹಾಕೋಣ ಎಂದು ನಾನು ಎದ್ದೆ. ಅವನು ಅಡ್ಡ ನಿಂತ. ಇರಲಿ ಬಿಡು ಎಂದುಕೊಂಡು ಆ ವಾಲಿದ ಡೇರೆಯೊಳಗೇ ಮಲಗಿದೆವು. ಬಟ್ಟೆ ಮೂಗಿಗೆ ತಾಗುತ್ತಿತ್ತು.

ಮುಂದಿನ ಹತ್ತು ದಿನ ಫ್ಲೆನ್ಸ್‌ಬರ್ಗ್, ಆಮೇಲೆ ಗಡಿಯಾಚೆ ಡೆನ್ಮಾರ್ಕಿನ ಪುಟ್ಟ ಊರುಗಳು, ಮತ್ತೆ ನಿಧಾನದ ರೈಲು, ಮತ್ತೆ ಸೈಕಲ್ಲು. ರೈಲಿನಲ್ಲಿ ಅವನ ಟಿಕೆಟ್ಟನ್ನು ಅವನ ಜೇಬಿಗೇ ಹಾಕಿದೆ. ಕೇಳಲು ಬಂದವರಿಗೆ ಅವನೇ ತೆಗೆದು ತೋರಿಸಿದ. ಪ್ರಶ್ನೆ ಬಂದರೆ ಕೈಯಲ್ಲಿ, ಕಣ್ಣಿನಲ್ಲಿ, ಒಮ್ಮೊಮ್ಮೆ ರಾಗದಲ್ಲಿ ಉತ್ತರ ಕೊಟ್ಟ. ನಾನು ನಾಲಿಗೆ ಕಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಎಲ್ಲ ಸಲವೂ ಆಯಿತು ಎಂದೇನೂ ಅಲ್ಲ. ಒಂದು ಅಂಗಡಿಯಲ್ಲಿ ಬ್ರೆಡ್ಡು ತರಲು ಹೋದವನು ಮೇಣದ ಬತ್ತಿ ತಂದ. ಒಂದು ಸಂಜೆ ಸಿಟ್ಟಿನಿಂದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾರಣ ಇವತ್ತಿಗೂ ಗೊತ್ತಿಲ್ಲ.

ಆದರೆ ಹೇಳಬೇಕಾದದ್ದು ಗೇಶೆಯ ಹುಲ್ಲುಗಾವಲಿನ ಮಾರನೇ ಬೆಳಿಗ್ಗೆಯದು. ಕಣ್ಣು ಬಿಟ್ಟಾಗ ಬಿಸಿಲು ಡೇರೆಯ ಬಟ್ಟೆಯನ್ನು ಬೆಚ್ಚಗೆ ಮಾಡಿತ್ತು. ಪಕ್ಕದಲ್ಲಿ ಅವನಿರಲಿಲ್ಲ. ಹೊರಗೆ ಸೈಕಲ್ ಸ್ಟ್ಯಾಂಡು ತೆಗೆದ ಸದ್ದು, ಒದ್ದೆ ಹುಲ್ಲಿನ ಮೇಲೆ ಚಕ್ರದ ಸದ್ದು, ಗೇಟಿನ ಕೀರಲು ಸದ್ದು. ಹಳ್ಳಿಯ ಬೇಕರಿ ತೆರೆಯುವ ಹೊತ್ತು. ದಾರಿಯಲ್ಲಿ ಒಂದು ಇಳಿಜಾರಿದೆ, ಅದರ ಕೊನೆಯಲ್ಲಿ ಒಂದು ತಿರುವಿದೆ. ನಾನು ಎದ್ದು ಕೂರಲು ಹೊರಟವಳು, ಕೂರಲಿಲ್ಲ. ಅವನು ಬಿಟ್ಟುಹೋದ ಹೊದಿಕೆಯನ್ನೂ ನನ್ನ ಮೇಲೆ ಎಳೆದುಕೊಂಡು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದೆ.